ಮನೆವಾರು ಪ್ರಾರ್ಥನೆ

ನಮ್ಮಪ್ಪ ರೈಲ್ವೆಯಲ್ಲಿ ಕೀಮ್ಯಾನ್ ಆಗಿದ್ದ. ಓದು ಬರಹ ಇಲ್ಲ, ಹೆಬ್ಬೆಟ್ಟು. ಬಾಣಾವರ ಸ್ಟೇಷನ್ನಿನಿಂದ ಅರಸೀಕೆರೆ ದಿಕ್ಕಿಗೆ ತನಗೆ ಗೊತ್ತುಮಾಡಿದಷ್ಟು ದೂರ ದಿನಾ ಹಳಿ ಹಿಡಿದು ನಡೆಯಬೇಕು. ಹಳಿಯನ್ನು ಬಿಗಿ ಹಿಡಿದಿರುವ ಕೀಲಿಗಳನ್ನು ಒಂದೊಂದಾಗಿ ನೋಡಬೇಕು. ಸಡಿಲವಾದದ್ದಕ್ಕೆ ಸುತ್ತಿಗೆಯ ಏಟು ಕೊಟ್ಟು ಕೂರಿಸಬೇಕು. ಒಂದು ಕೀಲಿ ಬಿಟ್ಟು ಮುಂದಕ್ಕೆ ಹೋದರೆ ಆ ದಿನ ಕೆಲಸ ಮಾಡಿದಂತಲ್ಲ ಅನ್ನುತ್ತಿದ್ದ. ಭಾನುವಾರ ದೇವರ ಮುಂದೆ ನಿಂತಾಗಲೂ ಅವನದು ಅದೇ ಪದ್ಧತಿ.

ನಮ್ಮೂರು ಬಾಣಾವರದಿಂದ ಹಳೇಬೀಡಿಗೆ ಹೋಗುವ ರಸ್ತೆಯ ಮೇಲಿದೆ. ನಮ್ಮ ಬೀದಿಯಲ್ಲಿ ಕ್ರೈಸ್ತರ ಮನೆ ಹದಿನೆಂಟು. ದೇವಾಲಯ ಅಂದರೆ ಹೆಂಚು ಹೊದಿಸಿದ ಒಂದು ಉದ್ದನೆಯ ಕೋಣೆ. ಅದರ ಪಾಯಕ್ಕೆ ಅಪ್ಪ ರಜೆಯ ದಿನಗಳಲ್ಲಿ ಕಲ್ಲು ಹೊತ್ತಿದ್ದ. ಗಂಟೆಯ ಬದಲು ಬೇವಿನ ಮರಕ್ಕೆ ಹಳೇ ಹಳಿಯ ಒಂದು ತುಂಡು ತೂಗುಹಾಕಿತ್ತು. ಅದು ಎಲ್ಲಿಂದ ಬಂತು ಅಂತ ಯಾರೂ ಕೇಳುತ್ತಿರಲಿಲ್ಲ. ಸಭಾಪಾಲಕರನ್ನು, ಅಂದರೆ ಪಾದ್ರಿಗಳನ್ನು, ನಾವು ಅಯ್ಯನೋರು ಅನ್ನುತ್ತಿದ್ದೆವು. ಅವರು ಅರಸೀಕೆರೆಯಲ್ಲಿದ್ದರು, ನಮ್ಮಲ್ಲಿಗೆ ಬರುತ್ತಿದ್ದದ್ದು ತಿಂಗಳ ಮೊದಲನೇ ಭಾನುವಾರ ಮಾತ್ರ. ಮಿಕ್ಕ ಭಾನುವಾರಗಳನ್ನು ನಡೆಸುತ್ತಿದ್ದದ್ದು ಅಪ್ಪ. ಓದಲು ಬಾರದವನು ಹೇಗೆ ನಡೆಸುತ್ತಿದ್ದ ಅಂದರೆ, ಯಾರಾದರೂ ಹೈಸ್ಕೂಲು ಮಕ್ಕಳ ಕೈಲಿ ಬೈಬಲ್ಲಿನ ಒಂದು ಪಾಠ ಓದಿಸುತ್ತಿದ್ದ, ಹೆಂಗಸರು ಬಾಯಿಪಾಠ ಬಂದ ಎರಡು ಕೀರ್ತನೆ ಹಾಡುತ್ತಿದ್ದರು, ಆಮೇಲೆ ಅಪ್ಪನ ಪ್ರಾರ್ಥನೆ. ಅದು ಮುಕ್ಕಾಲು ಗಂಟೆ.

ಅದನ್ನು ನಮ್ಮವರು ಮನೆವಾರು ಪ್ರಾರ್ಥನೆ ಅನ್ನುತ್ತಿದ್ದರು. ಬೀದಿಯ ಮೂಲೆಯಿಂದ ಶುರು ಮಾಡಿ ಒಂದೊಂದೇ ಮನೆ ಹಿಡಿದು ಬರುತ್ತಿದ್ದ.

"ಮೂಲೆ ಮನೆ, ಸ್ವಾಮಿ. ಅಜ್ಜಿ ಕಣ್ಣು ಮಂಜಾಗೈತೆ. ಹಾಸನದಲ್ಲಿ ಆಪ್ರೇಷನ್ ಮಾಡ್ತೀವಿ ಅಂದವ್ರೆ. ಮಗ ಇವತ್ತು ನಾಳೆ ಅಂತ ಮುಂದಕ್ಕೆ ಹಾಕ್ತಾವ್ನೆ. ಆ ಮಗನಿಗೆ ಒಂಚೂರು ಬುದ್ಧಿ ಕೊಡು. ಅದರ ಪಕ್ಕದ ಮನೆ. ಹಸ ಎರಡು ಸಲ ಕಂದು ಹಾಕ್ತು. ಮೂರನೇದಾದ್ರೂ ಉಳಿಸಿಕೊಡು…"

ಆ ಮಗ ಅಲ್ಲೇ ಗಂಡಸರ ಸಾಲಿನಲ್ಲಿ ತಲೆ ಬಗ್ಗಿಸಿ ಕೂತಿರುತ್ತಿದ್ದ. ಹೆಂಗಸರು "ಹೌದು ಸ್ವಾಮಿ, ಹೌದು ಸ್ವಾಮಿ" ಅಂತ ಒತ್ತಿ ಹೇಳುತ್ತಿದ್ದರು. ಮುಂದಿನ ವಾರ ಅಜ್ಜಿಗೆ ಆಪ್ರೇಷನ್. ಅಪ್ಪಿತಪ್ಪಿ ಒಂದು ಮನೆ ಬಿಟ್ಟುಹೋದರೆ ಆರಾಧನೆ ಮುಗಿದ ಕೂಡಲೇ ಆ ಮನೆಯವಳು ಬಾಗಿಲಲ್ಲಿ ಅಡ್ಡ ನಿಲ್ಲುತ್ತಿದ್ದಳು. "ಯಾಕಣ್ಣ, ನಮ್ಮನೆ ಏನು ಹಳೇಬೀಡಲ್ಲೈತಾ? ಕಾಣಿಸಲಿಲ್ವಾ?" ಅಪ್ಪ ಅಲ್ಲೇ ನಿಂತು ಕಣ್ಣು ಮುಚ್ಚಿ ಅವರ ಮನೆಯ ಪಾಲನ್ನು ಮುಗಿಸಿ ಮನೆಗೆ ಬರುತ್ತಿದ್ದ.

ಚಿಕ್ಕವಳಾಗಿದ್ದಾಗ ನನಗೆ ಇದರಲ್ಲಿ ಏನೂ ತಪ್ಪು ಕಾಣುತ್ತಿರಲಿಲ್ಲ. ಕಾಲೇಜಿಗೆ ಸೇರಿದ ಮೇಲೆ ಕಾಣತೊಡಗಿತು.

ಅರಸೀಕೆರೆಯ ಕಾಲೇಜಿಗೆ ನಾನು ಬಾಣಾವರದಿಂದ ಪ್ಯಾಸೆಂಜರ್ ರೈಲಿನಲ್ಲಿ ಹೋಗುತ್ತಿದ್ದೆ. ಊರಿಂದ ಬಾಣಾವರಕ್ಕೆ ಬಸ್ಸು ಸಿಕ್ಕರೆ ಬಸ್ಸು, ಇಲ್ಲದಿದ್ದರೆ ಅಪ್ಪನ ಸೈಕಲ್ಲಿನ ಕ್ಯಾರಿಯರು. ಮೂರು ವರ್ಷಕ್ಕೆ ಎರಡು ಜೊತೆ ಚಪ್ಪಲಿ, ಮೂರು ಲಂಗ ದಾವಣಿ. ಕೊಂಡ ಪುಸ್ತಕ ಒಂದೂ ಇಲ್ಲ, ಎಲ್ಲ ಲೈಬ್ರರಿಯದು. ಎರಡನೇ ವರ್ಷ ಇಂಗ್ಲಿಷಿನಲ್ಲಿ ಫೇಲಾದೆ, ಮತ್ತೆ ಕಟ್ಟಿ ಪಾಸಾದೆ. ಹದಿನೆಂಟು ಮನೆಗೆ ಮೊದಲನೇ ಬಿ.ಎ. ನನ್ನದು. ನಾಚಿಕೆಪಡದೆ ಹೇಳುತ್ತೇನೆ, ಆ ಡಿಗ್ರಿ ನನಗೆ ಯಾರೂ ಸುಮ್ಮನೆ ಕೊಟ್ಟದ್ದಲ್ಲ. ಗೌನು ಹಾಕಿಕೊಂಡು ತೆಗೆಸಿದ ಫೋಟೋವನ್ನು ಅಪ್ಪ ಕಟ್ಟು ಹಾಕಿಸಿ ಗಡಿಯಾರದ ಪಕ್ಕ ಮೊಳೆ ಹೊಡೆದ. ಟೈಮು ನೋಡುವವರೆಲ್ಲ ನನ್ನನ್ನೂ ನೋಡಲಿ ಅಂತ.

ಅದೇ ವಾರ ನನ್ನನ್ನು ಕರೆದು ಹೇಳಿದ. "ಇನ್ಮೇಲೆ ಸಭೆ ನೀನೇ ನಡೆಸವ್ವ. ಓದಿದೋಳು ಮನೇಲಿರುವಾಗ ನಾನ್ಯಾಕೆ ನಿಂತ್ಕೊಂಡು ಒದರಬೇಕು."

ಬೇಡ ಅನ್ನಲಿಲ್ಲ ನಾನು. ಒಪ್ಪಿಕೊಳ್ಳಲು ಎರಡನೇ ಮಾತೂ ಬೇಕಾಗಲಿಲ್ಲ.

ಹಳೇಬೀಡಿನ ಒಂದು ಖಾಸಗಿ ಶಾಲೆಯಲ್ಲಿ ಆಗ ತಾನೇ ಟೀಚರಾಗಿದ್ದೆ. ಆರಾಧನೆಗೆ ಒಂದು ಕ್ರಮ ತಂದೆ. ಶನಿವಾರ ಕೂತು ಎಲ್ಲವನ್ನೂ ಕಾಗದದ ಮೇಲೆ ಬರೆಯುತ್ತಿದ್ದೆ. ಪಾಠ ನಾನೇ ಓದುತ್ತಿದ್ದೆ, ಕೀರ್ತನೆ ನಾನೇ ಎತ್ತುತ್ತಿದ್ದೆ, ಪಾಠದ ಮೇಲೆ ಬುದ್ಧಿಮಾತು ಹೇಳುವ ಪ್ರಸಂಗ ನಾನೇ, ಪ್ರಕಟಣೆ ನಾನೇ. ಮುಕ್ಕಾಲು ಗಂಟೆಯ ಮನೆವಾರು ಪ್ರಾರ್ಥನೆಯನ್ನು ತೆಗೆದು ಒಂದು ಸಾಲು ಮಾಡಿದೆ: ಈ ಸಭೆಯ ಸಕಲ ಕುಟುಂಬಗಳನ್ನು ಆಶೀರ್ವದಿಸು. ಹದಿನೆಂಟು ಮನೆಯೂ ಅದರೊಳಗೆ ಬಂತಲ್ಲ. ಒಂದು ಗಂಟೆಯೊಳಗೆ ಎಲ್ಲ ಮುಗಿಯುತ್ತಿತ್ತು. ಅಯ್ಯನೋರು ಬಂದಾಗ "ಬಹಳ ಶಿಸ್ತಾಗಿದೆಯಮ್ಮ" ಅಂದರು. ಮನೆಗೆ ಬಂದು ಆ ಮಾತನ್ನು ಅವ್ವನಿಗೆ ಮೂರು ಸಲ ಹೇಳಿದ್ದೆ.

ಎರಡು ವರ್ಷದಲ್ಲಿ ಸಭೆ ಕರಗಿತು. ಐವತ್ತು ಅರುವತ್ತು ಜನ ಕೂರುತ್ತಿದ್ದ ಕಡೆ ಇಪ್ಪತ್ತಾಯಿತು, ಆಮೇಲೆ ಹತ್ತು ಹನ್ನೆರಡು. ಟಿ.ವಿ. ಬಂತಲ್ಲ, ಅದರ ಪ್ರಭಾವ ಅಂದುಕೊಂಡೆ. ಜನಕ್ಕೆ ಭಕ್ತಿ ಕಮ್ಮಿಯಾಯಿತು ಅಂತ ಒಂದು ಪ್ರಸಂಗವನ್ನೂ ಮಾಡಿದೆ. ಬಂದಿದ್ದ ಹತ್ತು ಜನರಿಗೆ.

ಆಗ ನಮ್ಮ ಸಭೆಗಳ ಮೇಲಿನ ಕಚೇರಿಯಿಂದ ಒಂದು ಕಾಗದ ಬಂತು. ಸಣ್ಣ ಸಭೆಗಳ ಆರೋಗ್ಯ ವಿಚಾರಿಸಲು ಸಲಹೆಗಾರರನ್ನು ನೇಮಿಸಿದ್ದಾರೆ, ನಮ್ಮಲ್ಲಿಗೂ ಒಬ್ಬರು ಬರುತ್ತಾರೆ, ಅವರು ಕೊಡುವ ವರದಿಯ ಮೇಲೆ ನಮ್ಮ ಸಭೆಯನ್ನು ಮುಂದುವರಿಸುವುದೋ ಅರಸೀಕೆರೆಯ ಸಭೆಗೆ ಸೇರಿಸುವುದೋ ತೀರ್ಮಾನವಾಗುತ್ತದೆ ಅಂತ ಅದರ ಸಾರಾಂಶ. ಸೇರಿಸುವುದು ಅಂದರೆ ನಮ್ಮ ಬಾಗಿಲಿಗೆ ಬೀಗ. ಭಾನುವಾರ ಬೆಳಿಗ್ಗೆ ಬಾಣಾವರದ ಬಸ್ಸು ಹತ್ತಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಅರಸೀಕೆರೆಗೆ ಹೋಗುವ ಶಕ್ತಿ ಇದ್ದದ್ದು ನನ್ನಂಥ ನಾಲ್ಕೈದು ಜನಕ್ಕೆ. ಮಿಕ್ಕ ಮುದುಕ ಮುದುಕಿಯರಿಗೆ ಅಲ್ಲಿಗೆ ದೇವರ ಕೆಲಸ ಮುಗಿದ ಹಾಗೆಯೇ.

ಕಾಗದವನ್ನು ಅಪ್ಪನಿಗೆ ಓದಿ ಹೇಳಿದೆ. ಅವನು ಎದ್ದು ಹೋಗಿ ದೇವಾಲಯದ ಹೆಂಚಿನ ಮೇಲೆ ಬಿದ್ದಿದ್ದ ಬೇವಿನ ಎಲೆಯನ್ನೆಲ್ಲ ಕೋಲಿನಲ್ಲಿ ಎಳೆದು ಗುಡಿಸಿ ಬಂದ. ಬಂದು ಕೂತು, "ಏನಾರ ಮಾಡವ್ವ. ನೀನು ಓದಿದೋಳು," ಅಂದ.

ಮಾಡಿದೆ. ನಮ್ಮ ಕಡೆ ಹೆಣ್ಣು ನೋಡಲು ಗಂಡಿನವರು ಬರುತ್ತಾರೆ ಅಂದರೆ ಏನು ಮಾಡುತ್ತಾರೋ ಅದನ್ನೇ ಮಾಡಿದೆ. ಅವತ್ತು ಪಕ್ಕದ ಮನೆಯ ಕುರ್ಚಿ ನಮ್ಮ ಮನೆಗೆ ಬರುತ್ತದೆ. ಎದುರು ಮನೆಯ ಸ್ಟೀಲು ತಟ್ಟೆ ಲೋಟ ಬರುತ್ತವೆ. ಇನ್ನೂ ಧೈರ್ಯವಿರುವವರು ಚಿಕ್ಕಪ್ಪನ ಜೋಡೆತ್ತನ್ನೂ ತಂದು ತಮ್ಮ ಕೊಟ್ಟಿಗೆಯಲ್ಲಿ ಕಟ್ಟುತ್ತಾರೆ. ಇದನ್ನು ಯಾರೂ ಮೋಸ ಅನ್ನುವುದಿಲ್ಲ. ಗಂಡಿನವರಿಗೂ ಇದು ಗೊತ್ತು, ಅವರೂ ತಮ್ಮ ಮನೆಯಲ್ಲಿ ಹೀಗೇ ಮಾಡಿರುತ್ತಾರೆ. ನಾನು ಎರವಲು ತಂದದ್ದು ಜನರನ್ನು.

ನಮ್ಮ ಬೀದಿಯಲ್ಲಿ ಹಿಂದೂಗಳಾಗಿ ಉಳಿದವರೂ ನಮ್ಮ ನೆಂಟರೇ, ಬೌದ್ಧರಾದವರೂ ನಮ್ಮ ನೆಂಟರೇ. ಎಲ್ಲರ ಮನೆಗೂ ಹೋಗಿ ಕರೆದೆ. ಬಾಣಾವರದಿಂದ ಅವ್ವನ ತವರಿನವರು ಒಂದು ಟೆಂಪೋ ತುಂಬ ಬಂದರು. ಅರಸೀಕೆರೆ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ನನ್ನ ಸೋದರಮಾವ ಬೌದ್ಧರು. ಇಸ್ತ್ರಿ ಮಾಡಿದ ಬಿಳಿ ಷರಟು ಹಾಕಿಕೊಂಡು ಬಂದು ಬಾಗಿಲಲ್ಲೇ ಅಪ್ಪನನ್ನು ಹಿಡಿದರು.

"ಏನ್ ಭಾವ, ನನ್ನ ಸೀಟೆಲ್ಲಿ? ಆಮೆನ್ ಅನ್ನೋದು ಯಾವಾಗ ಅಂತ ಮೊದಲೇ ಹೇಳಿಬಿಡು. ನಾನು ಎಡವಟ್ಟು ಮಾಡಿದ್ರೆ ನಿನ್ನ ಸಭೆ ಕ್ಯಾನ್ಸಲ್ಲು."

"ಸುಮ್ನೆ ಕೂತ್ಕಳ್ಲಾ," ಅಂದ ಅಪ್ಪ. "ಎಲ್ಲರೂ ಎದ್ದಾಗ ಏಳು."

"ಊಟಕ್ಕೂ ಎಲ್ಲರೂ ಎದ್ದಾಗಲೇ ಏಳಬೇಕೋ?"

ಸಲಹೆಗಾರರು ಅಂದರೆ ಸೂಟು ಬೂಟಿನ ಗಂಡಸೊಬ್ಬ ಜೀಪಿನಲ್ಲಿ ಬರುತ್ತಾನೆ ಅಂದುಕೊಂಡಿದ್ದೆ. ಬೇಲೂರಿನಿಂದ ಹಳೇಬೀಡಿಗೆ ಬಂದು, ಅಲ್ಲಿಂದ ಖಾಸಗಿ ಬಸ್ಸು ಹತ್ತಿ ಬಂದಿಳಿದದ್ದು ಅರುವತ್ತು ದಾಟಿದ ಒಬ್ಬ ಹೆಂಗಸು. ವಾಯಲ್ ಸೀರೆ, ಹೆಗಲಿಗೆ ಬಟ್ಟೆ ಚೀಲ, ಕೈಯಲ್ಲಿ ನೀರಿನ ಬಾಟಲಿ. ಆಸ್ಪತ್ರೆಯಲ್ಲಿ ನರ್ಸಾಗಿದ್ದು ರಿಟೈರಾಗಿ ಬೇಲೂರಿನಲ್ಲಿ ನೆಲೆಸಿದ್ದವರು, ಆಮೇಲೆ ಈ ಕೆಲಸಕ್ಕೆ ಬೆಂಗಳೂರಿನಲ್ಲಿ ತರಬೇತಿ ಪಡೆದಿದ್ದರು. ಐದು ನಿಮಿಷದಲ್ಲಿ ನಮ್ಮವರು ಅವರಿಗೆ ನರ್ಸಮ್ಮ ಅಂತ ಹೆಸರಿಟ್ಟರು.

ದೇವಾಲಯ ಕಿಕ್ಕಿರಿದಿತ್ತು. ನಾನು ಎಂದಿಗಿಂತ ಗಟ್ಟಿಯಾಗಿ ಓದಿದೆ. ಎಲ್ಲ ಸರಿಯಾಗಿ ನಡೆದು, ಕಡೆಯ ಆಶೀರ್ವಾದ ಮುಗಿಯಿತು ಅನ್ನುವಾಗ ಬಾಣಾವರದ ನಮ್ಮ ದೊಡ್ಡಮ್ಮ ಎದ್ದಳು. ಸೆರಗು ತಲೆ ಮೇಲೆ ಎಳೆದುಕೊಂಡು, ನೆಟ್ಟಗೆ ಮುಂದಕ್ಕೆ ನಡೆದು, ನರ್ಸಮ್ಮನ ಮುಂದೆ ತೀರ್ಥಕ್ಕೆ ಕೈ ಒಡ್ಡಿ ನಿಂತಳು.

ಹಿಂದೆ ಸೋದರಮಾವ ಕೆಮ್ಮತೊಡಗಿದರು. ನನಗೆ ಕಾಲಕೆಳಗಿನ ನೆಲ ಬಾಯಿಬಿಡಬಾರದೇ ಅನ್ನಿಸಿತು. ನರ್ಸಮ್ಮ ಮಾತ್ರ ಆ ಒಡ್ಡಿದ ಕೈಯನ್ನು ಹಿಡಿದು, ಬೆರಳು ಒತ್ತಿ ನೋಡಿ, "ಕೈ ಊದಿಕೊಂಡಿದೆಯಲ್ಲಮ್ಮ, ಎಷ್ಟು ದಿನದಿಂದ?" ಅಂದರು.

"ಉಗಾದಿಯಿಂದ ಹಿಂಗೇ ಐತೆ ಕಣವ್ವ," ಅಂತ ದೊಡ್ಡಮ್ಮ ಅಲ್ಲೇ ಕೂತು ತನ್ನ ಕಥೆಯೆಲ್ಲ ಹೇಳಿದಳು.

ಊಟವಾಯಿತು. ಕೋಳಿ ಸಾರು, ಮುದ್ದೆ, ಅನ್ನ. ಹೊರಡುವಾಗ ನರ್ಸಮ್ಮ, "ಸಾರು ಬಹಳ ಚೆನ್ನಾಗಿತ್ತು. ಇನ್ನೊಂದು ಸಲ ಬರ್ತೀನಿ," ಅಂದರು. ಸಭೆಯ ವಿಷಯ ಒಂದು ಮಾತಿಲ್ಲ. ಪುಸ್ತಕ ತೆಗೆದು ಒಂದಕ್ಷರ ಬರೆಯಲಿಲ್ಲ. ಗೆದ್ದೆವು ಅಂದುಕೊಂಡೆ.

ಮೂರು ವಾರ ಬಿಟ್ಟು ಹೇಳದೆ ಕೇಳದೆ ಬಂದರು. ಕೆರೆಯ ಕೆಳಗೆ ಭತ್ತದ ನಾಟಿ ನಡೆಯುತ್ತಿದ್ದ ಕಾಲ. ಹಳಿ ಬಾರಿಸಿದಾಗ ಬಂದದ್ದು ಒಂಬತ್ತು ಜನ. ನರ್ಸಮ್ಮ ಹಿಂದೆ ಚಾಪೆಯ ಮೇಲೆ ಮುದುಕಿಯರ ಜೊತೆ ಕೂತುಬಿಟ್ಟರು. ನನಗೆ ಬೇರೆ ದಾರಿಯಿಲ್ಲ; ಬರೆದುಕೊಂಡದ್ದನ್ನು ಮೊದಲಿನಿಂದ ಕಡೆಯವರೆಗೆ ಓದಿದೆ. ಸಕಲ ಕುಟುಂಬಗಳನ್ನು ಆಶೀರ್ವದಿಸಿದೆ. ಮುಗಿದ ಮೇಲೆ ಅವರು ಕೇಳಿದ್ದು ಒಂದೇ, "ಮನೆಗಳಿಗೆ ಹೋಗಿಬರ್ತೀನಿ."

"ಬನ್ನಿ, ನಾನು ಕರಕೊಂಡು ಹೋಗ್ತೀನಿ."

"ನೀನು ಬೇಡ ಮಗಳೇ. ನೀನು ಜೊತೆಗಿದ್ದರೆ ಅವರು ನಿನ್ನ ಮುಖ ನೋಡ್ಕೊಂಡು ಮಾತಾಡ್ತಾರೆ."

ಹದಿನೆಂಟು ಮನೆಗೂ ಒಬ್ಬರೇ ಹೋದರು. ಕೆಲವು ಕಡೆ ಗದ್ದೆಯ ಬದುವಿನವರೆಗೂ ಹೋದರಂತೆ. ಬಿ.ಪಿ. ನೋಡಿ ಅಂದವರಿಗೆ ನಾಡಿ ಹಿಡಿದು ನೋಡಿ, ಅರಸೀಕೆರೆ ಆಸ್ಪತ್ರೆಗೆ ತೋರಿಸಿ ಅಂದರಂತೆ. ನಾನು ಜಗುಲಿಯ ಮೇಲೆ ಕೂತು ಅವರ ಬಟ್ಟೆ ಚೀಲ ಕಾಯುತ್ತಿದ್ದೆ. ಬಿ.ಎ. ಪಾಸಾದ ಮೇಲೆ ಇನ್ನೊಬ್ಬರ ಚೀಲ ಕಾದದ್ದು ಅದೇ ಮೊದಲು.

ಸಂಜೆ ಹಳೇಬೀಡಿನ ಬಸ್ಸಿಗಾಗಿ ರಸ್ತೆಯ ಮೋರಿಕಟ್ಟೆಯ ಮೇಲೆ ಇಬ್ಬರೂ ಕೂತೆವು. ಅವರು ಸುತ್ತಿ ಬಳಸಿ ಮಾತಾಡುವವರಲ್ಲ.

"ಅವತ್ತಿನ ಜನ ಎಲ್ಲಿಂದ ತಂದಿದ್ದೆ?"

ಸುಳ್ಳು ಹೇಳಲು ಬಾಯಿ ತೆರೆದೆ, ಬರಲಿಲ್ಲ. "ಎರವಲು," ಅಂದೆ.

"ನಾನು ಅವತ್ತೇ ಬರೆದಿದ್ದರೆ ಏನಾಗ್ತಿತ್ತು ಗೊತ್ತಾ? ಸಭೆ ಗಟ್ಟಿಮುಟ್ಟಾಗಿದೆ, ಯಾವ ಸಹಾಯವೂ ಬೇಕಿಲ್ಲ ಅಂತ ಬರೀತಿದ್ದೆ. ಮುಂದಿನ ವರ್ಷ ಅಯ್ಯನೋರು ಬರೋ ಒಂದು ಭಾನುವಾರನೂ ಇನ್ನೊಂದು ಊರಿಗೆ ಕೊಡ್ತಿದ್ರು. ಜ್ವರ ಬಂದೋರು ಡಾಕ್ಟ್ರ ಮುಂದೆ ಪೌಡರ್ ಹಚ್ಕೊಂಡು ಕೂತ್ರೆ ಹೆಂಗಮ್ಮ?"

ಅವರು ಮುಂದುವರಿಸಿದರು. "ನಿನ್ನ ಮೇಲೆ ಯಾರಿಗೂ ದ್ವೇಷ ಇಲ್ಲ. ನೀನು ಚೆನ್ನಾಗಿ ಓದ್ತೀಯ ಅಂತಾರೆ, ರೇಡಿಯೋ ಇದ್ದಂಗೆ ಅಂತಾರೆ. ಮತ್ತೆ ಯಾಕೆ ಬರಲ್ಲ ಅಂತ ಕೇಳಿದೆ. ಒಬ್ಬಾಕೆ ಅಂದಳು, ರೇಡಿಯೋಗೆ ನಾವು ಕೂತಿದ್ರೇನು, ಎದ್ದು ಹೋದ್ರೇನು, ಅದು ಹೇಳ್ತಾನೇ ಇರುತ್ತಲ್ಲ ಅಮ್ಮಾರೇ ಅಂತ."

ಯಾರು ಹಾಗಂದದ್ದು ಅಂತ ಕೇಳಿದೆ. ಹೇಳಲಿಲ್ಲ. ಈ ಕೆಲಸದಲ್ಲಿ ಮನೆ ಮನೆಯ ಮಾತನ್ನು ಆಯಾ ಮನೆಯಲ್ಲೇ ಬಿಟ್ಟು ಬರಬೇಕು ಅಂದರು.

ನನಗೆ ಸಿಟ್ಟು ಬಂತು. "ನಮ್ಮಪ್ಪ ಹೆಬ್ಬೆಟ್ಟು ಅಮ್ಮಾ. ಅವರ ಪ್ರಾರ್ಥನೆಗೆ ತಲೆ ಬುಡ ಇರಲಿಲ್ಲ. ಹಸ, ಎಮ್ಮೆ, ಕಣ್ಣು, ಹೊಟ್ಟೆನೋವು, ಅತ್ತೆ ಸೊಸೆ ಜಗಳ. ನಾನು ಅದಕ್ಕೊಂದು ಮರ್ಯಾದೆ ತಂದೆ."

"ತಂದೆ. ಇಲ್ಲ ಅನ್ನಲ್ಲ. ನಾನು ಮೂವತ್ತು ವರ್ಷ ವಾರ್ಡಲ್ಲಿದ್ದೋಳು. ಬಾಗಿಲಲ್ಲಿ ನಿಂತ್ಕೊಂಡು ಎಲ್ಲರೂ ಚೆನ್ನಾಗಿದ್ದೀರಾ ಅಂದ್ರೆ ಚೆನ್ನಾಗಿದ್ದೀವಿ ಸಿಸ್ಟರ್ ಅಂತ ಒಟ್ಟಿಗೆ ಕೂಗ್ತಾರೆ. ಬೆಡ್ ಬೆಡ್ಡಿನ ಹತ್ರ ಹೋಗಿ ನಿಂತ್ರೇನೇ ಯಾರಿಗೆ ಏನಾಗಿದೆ ಅಂತ ಗೊತ್ತಾಗೋದು. ನಿಮ್ಮಪ್ಪ ಬೆಡ್ ಬೆಡ್ಡಿಗೂ ಹೋಗ್ತಿದ್ದರು. ನೀನು ಬಾಗಿಲಲ್ಲಿ ನಿಂತಿದ್ದೀಯ."

ಬಸ್ಸು ಕಾಣಿಸಿತು. ಎದ್ದು ಸೀರೆ ಕೊಡವಿಕೊಂಡು ತಮ್ಮ ಸಲಹೆ ಹೇಳಿದರು. ಅಯ್ಯನೋರು ಬರದ ನಾಲ್ಕು ಭಾನುವಾರ ನಾನು ಹಿಂದೆ, ಚಪ್ಪಲಿ ಬಿಡುವ ಬಾಗಿಲ ಹತ್ತಿರ ಕೂರಬೇಕು. ಬಾಯಿ ತೆರೆಯಬಾರದು. ಯಾರಾದರೂ ತಪ್ಪು ಮಾಡಿದರೂ ತಿದ್ದಬಾರದು. ಯಾರೂ ಶುರು ಮಾಡದಿದ್ದರೂ ಶುರು ಮಾಡಬಾರದು. ನಾಲ್ಕನೇ ಭಾನುವಾರ ತಾವು ಬರುತ್ತಾರೆ, ಅವತ್ತು ನೋಡಿದ್ದನ್ನೇ ವರದಿ ಬರೆಯುತ್ತಾರೆ.

"ಯಾರೂ ಬರದೆ ಹೋದರೆ?"

"ಹಂಗೇ ಬರೀತೀನಿ," ಅಂದು ಬಸ್ಸು ಹತ್ತಿದರು.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅವನು ಕುಡುಗೋಲಿನ ಹಿಡಿಗೆ ಬಟ್ಟೆ ಸುತ್ತುತ್ತಿದ್ದ. "ಬೇಡ ಕಣವ್ವ. ಬಿ.ಎ. ಮಾಡಿದ ಮಗಳನ್ನ ಬಾಗಿಲಲ್ಲಿ ಕೂರಿಸಿ ನಾನು ಮುಂದೆ ನಿಂತ್ಕಂಡ್ರೆ ಜನ ನಗ್ತಾರೆ," ಅಂದ.

"ಅಪ್ಪ, ನಿಜ ಹೇಳು. ನಾನು ನಡೆಸೋಕೆ ಶುರು ಮಾಡಿದಾಗ ನಿನಗೆ ಬೇಜಾರಾಗಿತ್ತಾ?"

"ಬೇಜಾರೇನು. ರಿಟೈರಾದಂಗಾಯ್ತು. ರೈಲ್ವೇಲಿ ಗ್ಯಾಂಗಿನೋರು ಹಾರ ಹಾಕಿ ಕಳಿಸಿದ್ರು, ಇಲ್ಲಿ ಹಾರ ಇರಲಿಲ್ಲ, ಅಷ್ಟೇ."

ಒಳಗಿನಿಂದ ಅವ್ವ, "ಎರಡು ವರ್ಷದಿಂದ ಭಾನುವಾರ ಉಣ್ಣೋಕೆ ಕೂತ್ರೆ ಅರ್ಧ ಮುದ್ದೆ ಬಿಟ್ಟು ಏಳ್ತಾವ್ನೆ, ಬೇಜಾರಿಲ್ವಂತೆ," ಅಂದಳು. ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಭಾನುವಾರ ಉಣ್ಣುವಾಗ ನನಗೆ ನನ್ನ ಪ್ರಸಂಗದ ಧ್ಯಾನ.

ಆ ನಾಲ್ಕರಲ್ಲಿ ಮೊದಲನೇ ಭಾನುವಾರ ಹನ್ನೊಂದು ಜನ ಬಂದರು. ನಾನು ಬಾಗಿಲ ಹತ್ತಿರ ಕೂತೆ. ಎಲ್ಲರೂ ತಿರುಗಿ ತಿರುಗಿ ನನ್ನನ್ನು ನೋಡಿದರು. ಅಪ್ಪ ಗೋಡೆಗೆ ಒರಗಿ ತನ್ನ ಕಾಲ ಹೆಬ್ಬೆರಳು ನೋಡುತ್ತಿದ್ದ. ಹೊರಗೆ ಕಾಯಿ ಕೀಳುವವರು ತೆಂಗಿನ ಮರದಿಂದ ಕಾಯಿ ಉದುರಿಸುವ ಸದ್ದು ಕೇಳುತ್ತಿತ್ತು, ಧೊಪ್, ಧೊಪ್. ಅರ್ಧ ಗಂಟೆ ಕೂತರು. ಆಮೇಲೆ ಒಬ್ಬೊಬ್ಬರೇ ಎದ್ದು ಮನೆಗೆ ಹೋದರು. ಒಬ್ಬಳು ನನ್ನನ್ನು ದಾಟುವಾಗ, "ಗಂಟಲು ಕಟ್ಟೈತಾ ಟೀಚರಮ್ಮ? ಬಿಸಿನೀರು ಕುಡಿ," ಅಂದಳು. ಆ ಅರ್ಧ ಗಂಟೆ ನಾನು ಹೇಗೆ ಕೂತೆ ಅಂತ ನನಗೆ ಗೊತ್ತು. ಪಾಠ ಯಾವುದು, ಯಾವ ಪುಟ, ಎಲ್ಲ ನಾಲಿಗೆಯ ತುದಿಯಲ್ಲಿತ್ತು.

ಎರಡನೇ ಭಾನುವಾರವೂ ಅದೇ ಮೌನ. ಕಾಲು ಗಂಟೆಯಾಗಿರಬೇಕು. ಮೂಲೆ ಮನೆ ಅಜ್ಜಿ, ಆ ಕಣ್ಣಿನ ಆಪ್ರೇಷನ್ನಿನವಳು, ಕೂತಲ್ಲಿಂದಲೇ ಬಾಯಿ ಬಿಟ್ಟಳು.

"ಏನ್ಲಾ ಕೀಮ್ಯಾನು, ನಿನ್ನ ಕರೆಯೋಕೆ ಮೈಸೂರಿಂದ ಪಲ್ಲಕ್ಕಿ ಬರಬೇಕೇನ್ಲಾ? ಮಗಳು ಬಾಗಿಲು ಕಾಯ್ತಾವ್ಳೆ, ನೀನು ಗೋಡೆ ಕಾಯ್ತಿದ್ದೀಯ. ಏಳ್ಲಾ ಮೇಲೆ."

ಅಪ್ಪ ಎದ್ದ. ಮುಂದೆ ಹೋಗಿ ನಿಂತು, ಕಣ್ಣು ಮುಚ್ಚಿ, "ಮೂಲೆ ಮನೆ, ಸ್ವಾಮಿ," ಅಂದ. ಅಷ್ಟೇ. ನಿಂತುಬಿಟ್ಟ. ಎರಡು ವರ್ಷದಿಂದ ಅವನು ಮನೆಗಳ ಸುದ್ದಿ ಹಿಡಿಯುವುದನ್ನು ಬಿಟ್ಟಿದ್ದ. ಮೂಲೆ ಮನೆಯಲ್ಲಿ ಈಗ ಏನಾಗಿದೆ ಅನ್ನುವುದೇ ಅವನಿಗೆ ಗೊತ್ತಿರಲಿಲ್ಲ.

"ಕಣ್ಣು ಸರಿಹೋಯ್ತು ಕಣ್ಲಾ," ಅಂದಳು ಅಜ್ಜಿ. "ಈಗ ಮಂಡಿ. ಮಂಡಿ ಅನ್ನು."

"ಮಂಡಿ, ಸ್ವಾಮಿ," ಅಂದ ಅಪ್ಪ.

ಪಕ್ಕದ ಮನೆಗೆ ಬಂದು, ಹಸುವಿಗಾಗಿ ಸ್ತೋತ್ರ ಅಂದ. "ಹಸ ಮಾರಿ ವರ್ಷ ಆಯ್ತಣ್ಣ," ಅಂದಳು ಆ ಮನೆಯವಳು. "ಬೋರಲ್ಲಿ ನೀರು ನಿಂತೈತೆ, ಅದನ್ನ ಹೇಳು." ಹೀಗೇ ಒಂದೊಂದು ಮನೆಯನ್ನೂ ಆಯಾ ಮನೆಯವರೇ ಹೇಳಿಕೊಟ್ಟರು. ಬರದೇ ಇದ್ದವರ ಮನೆ ಬಂದಾಗ ಅಕ್ಕಪಕ್ಕದವರು ತಮಗೆ ತಿಳಿದದ್ದನ್ನು ಸೇರಿಸಿದರು. ಅದರಲ್ಲಿ ಒಂದು ಎಡವಟ್ಟಾಯಿತು. ಕೆಳಗಡೆ ಮನೆಯ ಸೊಸೆ ಬಸುರಿ, ಸುಖವಾಗಿ ಹೆರಿಗೆಯಾಗಲಿ ಅಂತ ಅಪ್ಪ ಕೇಳಿಕೊಂಡುಬಿಟ್ಟ. ಅದು ಸುಳ್ಳು ಅಂತ ನನಗೆ ಗೊತ್ತಿತ್ತು. ಬಾಯಿ ತೆರೆಯುವ ಹಾಗಿಲ್ಲ. ಸೆರಗು ಕಚ್ಚಿಕೊಂಡು ಕೂತೆ.

ಮೂರನೇ ಭಾನುವಾರ ಆ ಸೊಸೆ, ಅವಳತ್ತೆ, ಗಂಡ ಮೂವರೂ ಬಂದರು. ಒಂದು ವರ್ಷದಿಂದ ದೇವಾಲಯದ ಮೆಟ್ಟಿಲು ಹತ್ತದೇ ಇದ್ದವರು. ಸೊಸೆ ಬಾಗಿಲಲ್ಲೇ ಶುರು ಮಾಡಿದಳು. "ಯಾರು ಮಾವ ನಿಮಗೆ ಹೇಳಿದ್ದು? ಊರೆಲ್ಲ ನನ್ನ ಹೊಟ್ಟೆ ನೋಡ್ತಾವ್ರೆ!"

"ಹೆಂಗೂ ಕೇಳ್ಕಂಡಾಯ್ತು," ಅಂದ ಅಪ್ಪ. "ಅಲ್ಲಿ ಎಂಟ್ರಿ ಆಗೋಗೈತೆ. ಇವತ್ತಲ್ಲ ನಾಳೆ ಆಯ್ತದೆ ಬಿಡವ್ವ."

ಎಲ್ಲರೂ ನಕ್ಕರು. ಅವಳೂ ನಕ್ಕಳು, ಕೂತಳು. ತಮ್ಮ ಮನೆಯ ಬಗ್ಗೆ ಏನೇನು ತಪ್ಪು ಹೇಳಿಬಿಟ್ಟಾನೋ ಅನ್ನುವ ಭಯಕ್ಕೇ ಇನ್ನೂ ನಾಲ್ಕು ಮನೆಯವರು ಬಂದಿದ್ದರು.

ಇಲ್ಲಿ ಒಂದು ಮಾತು. ಆ ನಾಲ್ಕು ವಾರ ನನಗೆ ಒಳ್ಳೆಯದನ್ನು ಕಲಿಸಿತು ಅಂತ ಬರೆದರೆ ಓದುವವರಿಗೆ ಹಿತವಾಗಿರುತ್ತದೆ. ನಿಜ ಏನೆಂದರೆ ಮೂರನೇ ವಾರ ಮನೆಗೆ ಬಂದು ಅತ್ತುಬಿಟ್ಟೆ. ನಾನು ರೈಲಿನಲ್ಲಿ ನಿಂತುಕೊಂಡು ಓದಿದ್ದು, ಫೇಲಾಗಿ ಮತ್ತೆ ಕಟ್ಟಿದ್ದು, ಇವರೆಲ್ಲರಿಗಿಂತ ಮುಂದೆ ಹೋದದ್ದು ಕಡೆಗೆ ಚಪ್ಪಲಿ ಪಕ್ಕ ಕೂರುವುದಕ್ಕಾ ಅಂತ. ಓದಿದ್ದು ತಪ್ಪಲ್ಲ ಅಂತ ಆಗಲೂ ಅಂದುಕೊಂಡೆ, ಈಗಲೂ ಅನ್ನುತ್ತೇನೆ. ಓದಿದೆ ಅನ್ನುವ ಕಾರಣಕ್ಕೆ ಹದಿನೆಂಟು ಮನೆಯನ್ನು ಒಂದು ಸಾಲು ಮಾಡಿದ್ದು ತಪ್ಪು. ಈ ಎರಡನ್ನೂ ಬೇರೆ ಬೇರೆ ಮಾಡಿ ನೋಡಲು ನನಗೆ ವರ್ಷಗಳು ಹಿಡಿದವು. ಆಮೇಲೆ ನಾನೂ ನರ್ಸಮ್ಮನ ಜೊತೆ ಬೇಲೂರು, ಅರಸೀಕೆರೆ ಕಡೆಯ ಹಲವು ಸಭೆಗಳಿಗೆ ಇದೇ ಕೆಲಸಕ್ಕೆ ಹೋದೆ. ಅಲ್ಲೆಲ್ಲ ಮೊದಲ ದಿನ ದೇವಾಲಯ ತುಂಬಿದ್ದರೆ ಮೊದಲು ನೋಡುತ್ತಿದ್ದದ್ದು ಹೊರಗೆ ಟೆಂಪೋ ನಿಂತಿದೆಯಾ ಅಂತ.

ನಾಲ್ಕನೇ ಭಾನುವಾರ ನರ್ಸಮ್ಮ ಬಂದು ನನ್ನ ಪಕ್ಕದಲ್ಲೇ, ಬಾಗಿಲ ಹತ್ತಿರ ಕೂತರು. ಜನ ತುಂಬಿರಲಿಲ್ಲ. ಚಾಪೆ ಅಲ್ಲಲ್ಲಿ ಖಾಲಿ ಇತ್ತು. ಅವರು ಕೊನೆಯ ನಿಮಿಷದವರೆಗೂ ತಿರುಗಿ ರಸ್ತೆ ನೋಡುತ್ತಿದ್ದರು. ಇಷ್ಟು ಜನ ಸಾಲುವುದಿಲ್ಲ, ಬೀಗ ಗ್ಯಾರಂಟಿ ಅಂದುಕೊಂಡೆ.

ಅಪ್ಪ ಶುರು ಮಾಡಿದ. ಆ ವಾರ ಪೂರ್ತಿ ಅವನು ಬೆಳಿಗ್ಗೆ ಎದ್ದು ಬೀದಿಯ ಮೂಲೆಯಿಂದ ಮೂಲೆಗೆ ಓಡಾಡಿದ್ದ. ಕೈಯಲ್ಲಿ ಸುತ್ತಿಗೆ ಒಂದಿರಲಿಲ್ಲ, ಅಷ್ಟೇ. ಮಂಡಿ, ಬೋರು, ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಕಟ್ಟಿದ ಹುಡುಗಿ, ಮುನಿಸಿಕೊಂಡು ತವರಿಗೆ ಹೋದ ಹೆಂಡತಿ, ಅವಳನ್ನು ಕರೆಯಲು ಹೋಗದ ಗಂಡ. ಗಂಡ ಅಲ್ಲೇ ಕೂತಿದ್ದ. ಹೆಂಗಸರು "ಹೌದು ಸ್ವಾಮಿ" ಅಂದರು. ಯಾರೋ ನಡುವೆ ಬಾಯಿ ಹಾಕಿ, "ಬುಧವಾರ ಬಸ್ಸೈತೆ, ಹೋಗಿ ಕರ್ಕಂಬಾರ್ಲಾ," ಅಂದರು. ಅಪ್ಪ ಅದನ್ನೂ ಸೇರಿಸಿದ. "ಬುಧವಾರ ಬಸ್ಸೈತೆ, ಸ್ವಾಮಿ."

ಹದಿನೇಳು ಮನೆ ಮುಗಿಯಿತು. ನಮ್ಮ ಮನೆಯನ್ನು ಅಪ್ಪ ಮೊದಲಿನಿಂದಲೂ ಕಡೆಗೆ ಇಟ್ಟುಕೊಳ್ಳುತ್ತಿದ್ದ, ಎರಡು ಮಾತಿನಲ್ಲಿ ಮುಗಿಸುತ್ತಿದ್ದ. ಅವತ್ತು ಎರಡಕ್ಕೆ ನಿಲ್ಲಿಸಲಿಲ್ಲ.

"ನಮ್ಮನೆ, ಸ್ವಾಮಿ. ಮಗಳು ಬಿ.ಎ. ಮಾಡವ್ಳೆ. ನಾಲ್ಕು ಭಾನುವಾರದಿಂದ ಮಾತಾಡದೆ ಕೂತವ್ಳೆ. ಅದು ಅವಳಿಗೆ ಎಷ್ಟು ಕಷ್ಟ ಅಂತ ನನಗೂ ಗೊತ್ತು, ನಿನಗೂ ಗೊತ್ತು. ಅವಳು ಓದಿದ್ದು ವೇಸ್ಟಾಗದಂಗೆ ನೋಡ್ಕೊ. ನಮ್ಮ ಬಾಗಿಲಿಗೆ ಬೀಗ ಬೀಳದಂಗೂ ನೋಡ್ಕೊ."

"ಹೌದು ಸ್ವಾಮಿ," ಅಂದರು ಎಲ್ಲರೂ. ನರ್ಸಮ್ಮನೂ ಅಂದರು. ನಾನು ಅನ್ನುವ ಹಾಗಿರಲಿಲ್ಲ.

ಮುಗಿದ ಮೇಲೆ ನರ್ಸಮ್ಮ ಬಟ್ಟೆ ಚೀಲದಿಂದ ಒಂದು ಹಾಳೆ ತೆಗೆದು ನನ್ನ ಕೈಗೆ ಕೊಟ್ಟರು. "ನನ್ನ ಅಕ್ಷರ ನನಗೇ ಓದೋಕೆ ಬರಲ್ಲ. ನೀನು ಬರಿ, ನಾನು ಹೇಳ್ತೀನಿ." ದೇವಾಲಯದ ಜಗುಲಿಯ ಮೇಲೆ ಕೂತು ಬರೆದೆ. ಅಪ್ಪ ಕಂಬ ಹಿಡಿದು ಪೆನ್ನಿನ ತುದಿ ನೋಡುತ್ತಿದ್ದ.

"ಹಾಜರಿ, ಇಪ್ಪತ್ತಾರು. ಎರವಲು, ಇಲ್ಲ."

ಬರೆದೆ.

"ಸಭೆಯವರು ಒಬ್ಬರ ಮನೆಯ ಸುದ್ದಿ ಒಬ್ಬರಿಗೆ ತಿಳಿದವರಾಗಿದ್ದಾರೆ. ಕೆಲವು ಸುದ್ದಿ ತಪ್ಪು. ತಪ್ಪಾದರೆ ಬಂದು ಸರಿಪಡಿಸುತ್ತಾರೆ. ಆರಾಧನೆ ಇಲ್ಲಿಯೇ ಮುಂದುವರಿಯಬೇಕು. ಒಂದು ವರ್ಷದ ಮೇಲೆ ಮತ್ತೆ ನೋಡುವುದು."

ಬರೆದದ್ದನ್ನು ಗಟ್ಟಿಯಾಗಿ ಓದು ಅಂದಳು ಅಜ್ಜಿ. ಓದಿದೆ. ಅಪ್ಪ ಕಂಬ ಬಿಟ್ಟು ನೆಲದ ಮೇಲೆ ಕೂತ.

"ಮುಂದಿನ ವಾರದಿಂದ ಪಾಠ ನೀನು ಓದವ್ವ," ಅಂದ. "ಹೈಸ್ಕೂಲು ಹುಡುಗ್ರು ನುಂಗಿ ನುಂಗಿ ಓದ್ತವೆ."

ಓದುತ್ತೀನಿ ಅಂದೆ. ನಾಲ್ಕು ವಾರದಲ್ಲಿ ಆ ಜಾಗದಲ್ಲಿ ನನ್ನದೇ ಅಂತ ನಾನಾಡಿದ ಮೊದಲನೇ ಮಾತು ಅದು. ಅಷ್ಟರಲ್ಲಿ ಅವ್ವ ಉಣ್ಣಲು ಕರೆದಳು. ಅಪ್ಪ ಎರಡು ಮುದ್ದೆ ಉಂಡ.